ಗೌರವ ಕಾರ್ಯದರ್ಶಿಯ ಅಂಚೆ ಚೀಲ

1906ರ ಡಿಸೆಂಬರ್ 25, ಕ್ರಿಸ್‌ಮಸ್ ರಜೆಯ ದಿನ. ಬಳ್ಳಾರಿಯಿಂದ ಪೂರ್ವಕ್ಕೆ, ಬೆಟ್ಟದ ಮೇಲಿನ ಕೋಟೆಗೆ ಹೆಸರಾದ ಗುತ್ತಿ ಎಂಬ ಊರಿನಲ್ಲಿ ವಿ. ರಾಮಸ್ವಾಮಿ ಅಯ್ಯರ್ ಎಂಬ ಡೆಪ್ಯುಟಿ ಕಲೆಕ್ಟರ್ ಗೆಳೆಯರಿಗೆ ಒಂದು ಪತ್ರ ಬರೆದರು. ಅವರ ಕೆಲಸ ಕಂದಾಯದ್ದು, ಪತ್ರದ ವಿಷಯ ಮಾತ್ರ ಗಣಿತ. ನಮ್ಮ ಕಡೆ ಗಣಿತದ ಹೊಸ ಪುಸ್ತಕ, ಪತ್ರಿಕೆಗಳು ಕಣ್ಣಿಗೆ ಬೀಳುವುದೇ ಇಲ್ಲ. ಆಸಕ್ತರು ಒಂದಿಷ್ಟು ಮಂದಿ ಚಂದಾ ಹಾಕಿ ತರಿಸಿಕೊಂಡು ಅಂಚೆಯಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸಿಕೊಂಡು ಓದೋಣ ಎಂಬುದು ಅದರ ಸಾರ. 1907ರ ಏಪ್ರಿಲ್ 4ರಂದು 20 ಸದಸ್ಯರ ‘ಅನಲಿಟಿಕ್ ಕ್ಲಬ್’ ಹುಟ್ಟಿತು. ಬಿ. ಹನುಮಂತ ರಾವ್ ಮೊದಲ ಅಧ್ಯಕ್ಷರಾದರು. ಹೆಸರು ಒಂದೆರಡು ಸಲ ಬದಲಾಗಿ, ಕ್ಲಬ್ಬು ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಆಯಿತು. ಆ ಸಂಸ್ಥೆ ಇಂದಿಗೂ ಇದೆ.

ಈ ಸಂಘದ ಮೊದಲ ಸಮ್ಮೇಳನ ಮದರಾಸಿನಲ್ಲಿ ನಡೆದದ್ದು 1916ರಲ್ಲಿ. ಅಂದರೆ ಸುಮಾರು ಒಂಬತ್ತು ವರ್ಷ ಸಂಘ ಬದುಕಿದ್ದು ಅಂಚೆಯ ಮೇಲೆ. ಪುಸ್ತಕ ಭಂಡಾರ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. 1909ರಲ್ಲಿ ಶುರುವಾದ ಸಂಘದ ಪತ್ರಿಕೆಗೆ ಸಂಪಾದಕರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಎಂ.ಟಿ. ನಾರಾಯಣ ಅಯ್ಯಂಗಾರ್. ಪದಾಧಿಕಾರಿಗಳು ಒಬ್ಬೊಬ್ಬರು ಒಂದೊಂದು ಊರಿನಲ್ಲಿ. ಯಾರಿಗೂ ಸಂಬಳವಿಲ್ಲ, ಎಲ್ಲರಿಗೂ ಹೊಟ್ಟೆಪಾಡಿನ ಕೆಲಸ ಬೇರೆ. ಪತ್ರಿಕೆಯ ಹಿಂದಿನ ಪುಟಗಳಲ್ಲಿ ಓದುಗರು ಓದುಗರಿಗೆ ಲೆಕ್ಕ ಹಾಕುವ ವಿಭಾಗವೊಂದಿತ್ತು. ಒಬ್ಬರು ಪ್ರಶ್ನೆ ಹಾಕುತ್ತಿದ್ದರು, ಇನ್ನೊಂದು ಊರಿನವರು ಬಿಡಿಸಿ ಕಳಿಸುತ್ತಿದ್ದರು, ಉತ್ತರ ಮುಂದಿನ ಸಂಚಿಕೆಗಳಲ್ಲಿ ಅಚ್ಚಾಗುತ್ತಿತ್ತು. 1911ರಲ್ಲಿ ಒಂದರೊಳಗೊಂದು ವರ್ಗಮೂಲ ಹೊಕ್ಕಿರುವ 289ನೆಯ ಪ್ರಶ್ನೆಗೆ ತಿಂಗಳುಗಟ್ಟಲೆ ಯಾರೂ ಉತ್ತರಿಸಲಿಲ್ಲ. ಕೊನೆಗೆ ಪ್ರಶ್ನೆ ಕೇಳಿದವರೇ ಉತ್ತರ ಕೊಟ್ಟರು. ಅವರು ಶ್ರೀನಿವಾಸ ರಾಮಾನುಜನ್.

ರಾಮಾನುಜನ್ ಕಥೆಯಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಯ ಪಾತ್ರ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲಿನ ಮೂರು ವರ್ಷಗಳಲ್ಲಿ ಕೈಹಿಡಿದವರು ಯಾರು ಎಂದು ನೋಡಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. 1910ರಲ್ಲಿ ಅವರು ನೋಟ್‌ಬುಕ್ ಹಿಡಿದು ಹೋದದ್ದು ತಿರುಕ್ಕೋಯಿಲೂರಿಗೆ ವರ್ಗವಾಗಿದ್ದ ರಾಮಸ್ವಾಮಿ ಅಯ್ಯರ್ ಬಳಿಗೆ, ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಗಬಹುದೇ ಎಂದು. ಅಯ್ಯರ್ ಕೆಲಸ ಕೊಡಲಿಲ್ಲ, ಪರಿಚಯ ಪತ್ರ ಕೊಟ್ಟು ಮದರಾಸಿಗೆ ಕಳಿಸಿದರು. ಅಲ್ಲಿ ಸಂಘದ ಮತ್ತೊಬ್ಬ ಸದಸ್ಯ, ಗಣಿತ ಪ್ರಾಧ್ಯಾಪಕ ಶೇಷು ಅಯ್ಯರ್ ಮೂಲಕ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಅವರ ಪರಿಚಯವಾಯಿತು. ರಾಮಚಂದ್ರ ರಾವ್ ಸಂಘದ ಕಾರ್ಯದರ್ಶಿ. ತಿಂಗಳಿಗೆ 25 ರೂಪಾಯಿ ಸ್ವಂತ ಕೈಯಿಂದ ಕೊಟ್ಟರು. 1912ರಲ್ಲಿ ರಾಮಾನುಜನ್ ಮದರಾಸು ಪೋರ್ಟ್ ಟ್ರಸ್ಟಿನಲ್ಲಿ ಗುಮಾಸ್ತರಾಗಿ ಸೇರಿದಾಗ ಅಲ್ಲಿ ಅವರ ಮೇಲಧಿಕಾರಿಯಾಗಿದ್ದ ನಾರಾಯಣ ಅಯ್ಯರ್ ಸಂಘದ ಖಜಾಂಚಿ. ಮೊದಲ ಲೇಖನವನ್ನು ಅಚ್ಚಿಗೆ ತಕ್ಕ ರೂಪಕ್ಕೆ ತರಲು ಮತ್ತೆ ಮತ್ತೆ ತಿದ್ದಿ ವಾಪಸು ಕಳಿಸಿದವರು ಬೆಂಗಳೂರಿನ ಸಂಪಾದಕರು. ಸ್ಥಾಪಕ, ಕಾರ್ಯದರ್ಶಿ, ಖಜಾಂಚಿ, ಸಂಪಾದಕ — ಸಂಬಳವಿಲ್ಲದ ಪದಾಧಿಕಾರಿಗಳ ಈ ಸರಪಳಿ ಇಲ್ಲದಿದ್ದರೆ ಹಾರ್ಡಿಗೆ ರಾಮಾನುಜನ್ ಪತ್ರ ಹೋಗುತ್ತಿತ್ತೋ ಇಲ್ಲವೋ.

ವೃತ್ತಿಪರ ಸಂಘಗಳ ಚರಿತ್ರೆಯನ್ನು ಸಾಮಾನ್ಯವಾಗಿ ಅಧ್ಯಕ್ಷರ ಭಾವಚಿತ್ರಗಳಿಂದ ಬರೆಯುತ್ತಾರೆ. ಅದರ ನಿಜವಾದ ಭಾರ ಹೊರುವವರು ಶಾಖೆಯ ಗೌರವ ಕಾರ್ಯದರ್ಶಿಗಳು. ವೈದ್ಯರಿರಲಿ, ಎಂಜಿನಿಯರಿರಲಿ, ಗ್ರಂಥಪಾಲಕರಿರಲಿ, ಹಗಲು ಸ್ವಂತ ಕೆಲಸ ಮುಗಿಸಿ ಸಂಜೆ ಸಂಘದ ಕೆಲಸಕ್ಕೆ ಕೂರುವವರು ಅವರೇ. ಸಭಾಂಗಣ ಗೊತ್ತುಮಾಡುವುದು, ಭಾಷಣಕಾರರನ್ನು ಒಪ್ಪಿಸುವುದು, ಕೋರಂ ಆಗುತ್ತದೋ ಇಲ್ಲವೋ ಎಂದು ಬಾಗಿಲ ಕಡೆ ನೋಡುವುದು, ನಡಾವಳಿ ಬರೆಯುವುದು, ಚಂದಾ ಬಾಕಿಯವರಿಗೆ ಫೋನು ಮಾಡುವುದು. ಕರ್ನಾಟಕದಲ್ಲಿ ನೋಂದಾಯಿತ ಸಂಘವಾದರೆ 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ವಾರ್ಷಿಕ ಮಹಾಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸುವ ಹೊಣೆ ಬೇರೆ. ಇಷ್ಟೆಲ್ಲ ಕಲಿತು ಕೈ ಕುದುರುವ ಹೊತ್ತಿಗೆ ಅವಧಿ ಮುಗಿಯುತ್ತದೆ. ಹೊಸಬರ ಕೈಗೆ ಒಂದು ನಡಾವಳಿ ಪುಸ್ತಕ, ಅರ್ಧ ಖರ್ಚಾದ ರಸೀದಿ ಪುಸ್ತಕ, ಹಳೆಯ ಪದಾಧಿಕಾರಿಗಳ ಹೆಸರಿರುವ ಲೆಟರ್‌ಹೆಡ್ಡು, ರಬ್ಬರ್ ಸ್ಟಾಂಪು ಬರುತ್ತವೆ. ಯಾವ ಭಾಷಣಕಾರರು ಕೊನೆ ಗಳಿಗೆಯಲ್ಲಿ ಕೈಕೊಟ್ಟರು, ಯಾವ ಕಂಪನಿ ಕೇಳಿದರೆ ಊಟದ ಖರ್ಚು ಕೊಡುತ್ತದೆ, ಪಕ್ಕದ ಜಿಲ್ಲೆಯ ಶಾಖೆ ಇದೇ ತೊಡಕನ್ನು ಹೇಗೆ ಬಿಡಿಸಿತು — ಇವು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಸಾಮಾನ್ಯ ಸದಸ್ಯರಿಗೆ ಸಂಘವಿರುತ್ತದೆ; ಸಂಘ ನಡೆಸುವವರಿಗೆ ಅವರಂಥವರ ಜೊತೆ ಸಿಗುವುದೇ ಕಷ್ಟ. ವೃತ್ತಿಪರರನ್ನು ಬೆಸೆಯುವ ಜಾಲಗಳ ಚರಿತ್ರೆಯನ್ನು ಈ ಕಡೆಯಿಂದ ನೋಡುವುದು ಅಗತ್ಯ.

ಆ ಒಂಟಿತನ ಹಳೆಯದು. ಲಂಡನ್ನಿನ ರಾಯಲ್ ಸೊಸೈಟಿ 1660ರಲ್ಲಿ ಶುರುವಾಯಿತು. ಅದರ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಜರ್ಮನಿಯ ಬ್ರೆಮೆನ್ ಊರಿನವರು. ಯುರೋಪಿನ ಮೂಲೆಮೂಲೆಯ ವಿದ್ವಾಂಸರೊಂದಿಗೆ ಪತ್ರವ್ಯವಹಾರ ನಡೆಸುವುದೇ ಅವರ ಮುಖ್ಯ ಕಾಯಕವಾಗಿತ್ತು. ಮೊದಲ ಕೆಲವು ವರ್ಷ ಅದಕ್ಕೆ ಸಂಬಳವೂ ಇರಲಿಲ್ಲ. ಬಂದ ಪತ್ರಗಳ ತಿರುಳನ್ನು ಅಚ್ಚು ಹಾಕಿಸುತ್ತ 1665ರ ಮಾರ್ಚಿನಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆ ತೆಗೆದರು. ಹೊರದೇಶದಿಂದ ಬರುವ ಪತ್ರಗಳು ಯಾರದೋ ಕಣ್ಣಿಗೆ ಬೀಳದಿರಲೆಂದು ತಮ್ಮ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ‘ಗ್ರುಬೆಂಡಾಲ್, ಲಂಡನ್’ ಎಂಬ ವಿಳಾಸ ಮಾಡಿಕೊಂಡಿದ್ದರು. ಆದರೂ 1667ರಲ್ಲಿ, ಡಚ್ಚರೊಂದಿಗೆ ಯುದ್ಧ ನಡೆದಿದ್ದಾಗ, ಅನುಮಾನಕ್ಕೆ ಸಿಕ್ಕಿ ಲಂಡನ್ ಟವರಿನಲ್ಲಿ ಸುಮಾರು ಎರಡು ತಿಂಗಳು ಸೆರೆಯಲ್ಲಿದ್ದರು. ಬಿಡುಗಡೆಯಾಗಿ ಬಂದವರು ಮತ್ತೆ ಪತ್ರ ಬರೆಯಲು ಕುಳಿತರು. ಅವರ ಪತ್ರವ್ಯವಹಾರ ಇಪ್ಪತ್ತನೆಯ ಶತಮಾನದಲ್ಲಿ 13 ಸಂಪುಟಗಳಾಗಿ ಅಚ್ಚಾಯಿತು.

ಒಬ್ಬ ಕಾರ್ಯದರ್ಶಿ, ಒಂದು ಊರು ಇದ್ದಷ್ಟು ಕಾಲ ಈ ರೀತಿ ನಡೆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಎಂಜಿನಿಯರುಗಳ ಸಂಘಗಳಿಗೆ ಊರು ಸಾಲದಾಯಿತು. 1884ರಲ್ಲಿ ಹುಟ್ಟಿದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಎಲೆಕ್ಟ್ರಿಕಲ್ ಎಂಜಿನಿಯರ್ಸ್‌ನ ಸಭೆಗಳು ಹೆಚ್ಚಾಗಿ ನ್ಯೂಯಾರ್ಕಿನಲ್ಲಿ ನಡೆಯುತ್ತಿದ್ದವು. ದೂರದ ಊರುಗಳವರಿಗೆ ಮುದ್ರಿತ ವರದಿಯಷ್ಟೇ ಗತಿ. 1902ರಲ್ಲಿ ಅಧ್ಯಕ್ಷರಾದ ಚಾರ್ಲ್ಸ್ ಸ್ಕಾಟ್ ಊರೂರಿನಲ್ಲಿ ಶಾಖೆ, ಕಾಲೇಜುಗಳಲ್ಲಿ ವಿದ್ಯಾರ್ಥಿ ಘಟಕ ತೆರೆಯಲು ಪಟ್ಟು ಹಿಡಿದರು. ಈ ಸಂಘ ಮುಂದೆ 1963ರ ಜನವರಿ 1ರಂದು ರೇಡಿಯೋ ಎಂಜಿನಿಯರುಗಳ ಸಂಘದೊಡನೆ ಒಂದಾಗಿ ಐಇಇಇ ಆಯಿತು; ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರ ಬಾಯಲ್ಲಿ ‘ಐ ಟ್ರಿಪಲ್ ಇ’. ಇಂದು ಅದಕ್ಕೆ 4 ಲಕ್ಷಕ್ಕೂ ಹೆಚ್ಚು ಸದಸ್ಯರು, ನೂರಾರು ಶಾಖೆಗಳು. ಬೆಂಗಳೂರಿನದೂ ಅವುಗಳಲ್ಲೊಂದು.

ಶಾಖೆ ಹೆಚ್ಚಿದಷ್ಟೂ ಶಾಖೆ ನಡೆಸುವವರ ಪ್ರಶ್ನೆಗಳೂ ಹೆಚ್ಚಿದವು. ಅದಕ್ಕೆ ಬಹುಕಾಲ ಇದ್ದ ಉತ್ತರ ಕೇಂದ್ರ ಕಚೇರಿಯ ಕೈಪಿಡಿ, ಸುತ್ತೋಲೆ, ಮತ್ತು ವರ್ಷಕ್ಕೊಮ್ಮೆ ತರಬೇತಿ. ಐಇಇಇ ತನ್ನ ಶತಮಾನೋತ್ಸವದ 1984ರಲ್ಲಿ ಶಾಖಾಧ್ಯಕ್ಷರಿಗೆಂದೇ ‘ಸೆಕ್ಷನ್ಸ್ ಕಾಂಗ್ರೆಸ್’ ಎಂಬ ಸಮಾವೇಶ ಶುರುಮಾಡಿತು. ಮೂರು ವರ್ಷಕ್ಕೊಮ್ಮೆ ಲೋಕದ ಎಲ್ಲ ಶಾಖೆಗಳವರು ಒಂದೆಡೆ ಸೇರುವುದು. ಒಳ್ಳೆಯ ಯೋಚನೆ. ಆದರೆ ಶಾಖಾಧ್ಯಕ್ಷರ ಅವಧಿ ಬಹುತೇಕ ಒಂದೋ ಎರಡೋ ವರ್ಷ. ಎರಡು ಸಮಾವೇಶಗಳ ನಡುವೆ ಬಂದು ಹೋದವರಿಗೆ ಆ ಜೊತೆ ಸಿಕ್ಕಿದ್ದೇ ಇಲ್ಲ. ಸಭೆ ಸೇರಿಸಿ ತುಂಬಲಾಗದ ಈ ಕಂದಕವನ್ನು ತಂತಿಯ ಮೇಲಿನ ಮಾತು ತುಂಬೀತೇ ಎಂಬ ಪ್ರಶ್ನೆ ಅಷ್ಟರಲ್ಲಾಗಲೇ ಇನ್ನೊಂದು ಕಡೆ ಎದ್ದಿತ್ತು.

ಅದರ ಪ್ರಯೋಗ ನಡೆದದ್ದು ನ್ಯೂಜೆರ್ಸಿಯಲ್ಲಿ. ಮರ್ರೆ ಟುರಾಫ್ ಎಂಬ ವಿಜ್ಞಾನಿ 1971ರಲ್ಲಿ, ನಿಕ್ಸನ್ ಸರ್ಕಾರ ಸಂಬಳ–ಬೆಲೆಗಳನ್ನು ತಡೆಹಿಡಿದಾಗ, ಬೇರೆ ಬೇರೆ ಊರಿನ ಅಧಿಕಾರಿಗಳು ಕಂಪ್ಯೂಟರಿನ ಮೂಲಕ ಸಮಾಲೋಚಿಸುವ ‘ಎಮಿಸಾರಿ’ ಎಂಬ ವ್ಯವಸ್ಥೆ ಮಾಡಿಕೊಟ್ಟಿದ್ದರು. ಅದೇ ಯೋಚನೆಯನ್ನು ಹಿಗ್ಗಿಸಿ ನ್ಯೂಜೆರ್ಸಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ 1970ರ ದಶಕದ ನಡುವೆ ‘ಈಸ್’ ಕಟ್ಟಿದರು. ಟೆಲಿಫೋನ್ ತಂತಿಗೆ ಟರ್ಮಿನಲ್ ಜೋಡಿಸಿದರೆ ಸಂದೇಶ ಕಳಿಸಬಹುದು, ಗುಂಪಿನ ಚರ್ಚೆಗೆ ಸೇರಬಹುದು, ಹಿಂದಿನದನ್ನು ತೆಗೆದು ಓದಬಹುದು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಹಣ ಕೊಟ್ಟು, ಊರೂರಿಗೆ ಚದುರಿದ್ದ ಸಣ್ಣ ಸಣ್ಣ ವಿದ್ವತ್ ಗುಂಪುಗಳನ್ನು ಅದರ ಮೇಲೆ ಕೂರಿಸಿತು. ಟುರಾಫ್ ಮತ್ತು ಸಮಾಜಶಾಸ್ತ್ರಜ್ಞೆ ಸ್ಟಾರ್ ರಾಕ್ಸನ್ ಹಿಲ್ಟ್ಸ್ ಸೇರಿ ಬರೆದ ‘ದಿ ನೆಟ್‌ವರ್ಕ್ ನೇಷನ್’ 1978ರಲ್ಲಿ ಹೊರಬಂತು. ಮನೆಗಳಿಗೆ ಇಂಟರ್ನೆಟ್ ಬರಲು ಇನ್ನೂ ಹದಿನೈದಕ್ಕೂ ಹೆಚ್ಚು ವರ್ಷವಿತ್ತು.

ಆ ಗುಂಪುಗಳಲ್ಲೊಂದು ಸಾಮಾಜಿಕ ಜಾಲಗಳನ್ನು ಅಧ್ಯಯನ ಮಾಡುವವರದ್ದೇ. ಇಂದು ‘ಸೋಷಿಯಲ್ ನೆಟ್‌ವರ್ಕ್’ ಎಂದರೆ ಕೈಯಲ್ಲಿನ ಆ್ಯಪು ನೆನಪಾಗುತ್ತದೆ. ಆಗ ಅದು ಯಾರಿಗೆ ಯಾರು ಗೊತ್ತು ಎಂಬುದನ್ನು ಚುಕ್ಕಿ–ಗೆರೆಗಳಲ್ಲಿ ಬರೆದು ಅಧ್ಯಯನ ಮಾಡುವ ಹೊಸ ಶಾಸ್ತ್ರ. ಲಿಂಟನ್ ಫ್ರೀಮನ್ ಅದರ ಮುಂದಾಳು. ಶುರುವಿನಲ್ಲಿ ಯಾರು ಯಾರನ್ನು ಬಲ್ಲರು, ತಿಂಗಳುಗಳ ನಂತರ ಯಾರು ಯಾರಿಗೆ ಗೆಳೆಯರಾದರು, ಯಾರಿಗೆ ಎಷ್ಟು ಸಂದೇಶ ಹೋಯಿತು ಎಂದು ಅವರು ಲೆಕ್ಕ ಇಟ್ಟರು. ಕೊನೆತನಕ ಉಳಿದ 32 ಮಂದಿಯ ಆ ದಾಖಲೆ ಇಂದಿಗೂ ಜಾಲಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಠದ ಸಾಮಗ್ರಿ. ಹೀಗೆ ಒಂದು ವೃತ್ತಿಯವರು ತಂತಿಯ ಮೇಲೆ ತಮ್ಮ ಸಮುದಾಯ ಕಟ್ಟಿಕೊಳ್ಳುತ್ತಲೇ ಅದು ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನೂ ಬರೆದಿಟ್ಟರು.

ಈಸ್ ಗುಂಪುಗಳನ್ನು ವರ್ಷಗಟ್ಟಲೆ ಗಮನಿಸಿದ ಹಿಲ್ಟ್ಸ್ ಕಂಡುಕೊಂಡ ಒಂದು ಮಾತು ಈ ಚರಿತ್ರೆಗೆಲ್ಲ ಅನ್ವಯಿಸುತ್ತದೆ. ಗುಂಪು ನಿಲ್ಲುವುದು ಬಿಡುವುದು ಯಂತ್ರಕ್ಕಿಂತ ಹೆಚ್ಚಾಗಿ ಅದನ್ನು ನಡೆಸುವವರ ಮೇಲೆ ನಿಂತಿತ್ತು. ಮುಂದಾಳು ದಿನವೂ ಬಂದು, ಹೊಸಬರನ್ನು ಮಾತಾಡಿಸಿ, ಚರ್ಚೆಯ ಎಳೆ ಎತ್ತಿಕೊಟ್ಟ ಗುಂಪುಗಳು ಬೆಳೆದವು. ಅವರು ಸುಮ್ಮನಾದಲ್ಲಿ ಗುಂಪೂ ಸುಮ್ಮನಾಯಿತು. ಅಂದರೆ ಜಾಲ ಬಂದದ್ದರಿಂದ ಗೌರವ ಕಾರ್ಯದರ್ಶಿಯ ಕೆಲಸ ಕಡಿಮೆಯಾಗಲಿಲ್ಲ, ಅದಕ್ಕೆ ಇನ್ನೊಂದು ಕೆಲಸ ಸೇರಿತು.

1980ರ ದಶಕದಲ್ಲಿ ಈ ಸೌಕರ್ಯ ಅಗ್ಗವಾಯಿತು. 1981ರಲ್ಲಿ ನ್ಯೂಯಾರ್ಕಿನ ಸಿಟಿ ವಿಶ್ವವಿದ್ಯಾಲಯಕ್ಕೂ ಯೇಲ್ ವಿಶ್ವವಿದ್ಯಾಲಯಕ್ಕೂ ನಡುವೆ ‘ಬಿಟ್‌ನೆಟ್’ ಶುರುವಾಗಿ ನೂರಾರು ಕ್ಯಾಂಪಸ್ಸುಗಳಿಗೆ ಹಬ್ಬಿತು. 1986ರಲ್ಲಿ ಎರಿಕ್ ತೋಮಾ ಎಂಬ ಪ್ಯಾರಿಸ್ಸಿನ ವಿದ್ಯಾರ್ಥಿ ಬರೆದ ‘ಲಿಸ್ಟ್‌ಸರ್ವ್’ ತಂತ್ರಾಂಶದಿಂದ ಒಬ್ಬರು ಬರೆದ ಪತ್ರ ಪಟ್ಟಿಯಲ್ಲಿದ್ದವರಿಗೆಲ್ಲ ತಾನಾಗಿ ಹೋಗುವಂತಾಯಿತು. ಅಲ್ಲಿಯವರೆಗೆ ಹೆಸರು ಸೇರಿಸುವುದು, ತೆಗೆಯುವುದು ಒಬ್ಬರ ಕೈಕೆಲಸವಾಗಿತ್ತು. ಇತಿಹಾಸಕಾರರು 1990ರ ದಶಕದ ಆರಂಭದಲ್ಲಿ ಶಿಕಾಗೋದಲ್ಲಿ ಕಟ್ಟಿದ ‘ಎಚ್-ನೆಟ್’ ಇದನ್ನು ಇನ್ನೊಂದು ಹಂತಕ್ಕೆ ಒಯ್ದಿತು. ಪ್ರತಿ ವಿಷಯದ ಪಟ್ಟಿಗೂ ಆಯಾ ವಿಷಯದ ವಿದ್ವಾಂಸರೇ ಸಂಬಳವಿಲ್ಲದ ಸಂಪಾದಕರು; ಒಬ್ಬರಿಗೆ ಬಿಡುವಿಲ್ಲದಾಗ ಇನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಹಿಲ್ಟ್ಸ್ ಹೇಳಿದ ಸಮಸ್ಯೆಗೆ ಅವರು ಕಂಡುಕೊಂಡ ಉಪಾಯ ಇಷ್ಟು ಸರಳ.

ಭಾರತದಲ್ಲಿ ಈ ಬಾಗಿಲು ಎರ್‌ನೆಟ್ ಮೂಲಕ ತೆರೆಯಿತು. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಶುರುಮಾಡಿದ ಈ ಜಾಲದಲ್ಲಿ ಐದು ಐಐಟಿಗಳು, ಮುಂಬೈಯ ಎನ್‌ಸಿಎಸ್‌ಟಿ, ಇಲಾಖೆಯ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಊರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಆ ಆವರಣದೊಳಗೆ, ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರದಲ್ಲಿ, 1995ರಲ್ಲಿ ‘ಲಿಸ್-ಫೋರಂ’ ಹುಟ್ಟಿತು. ಅದು ದೇಶದ ಗ್ರಂಥಪಾಲಕರ ಇಮೇಲ್ ವೇದಿಕೆ. ಅದೇ ವರ್ಷ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ದೇಶದ ಬಹುಪಾಲು ಗ್ರಂಥಾಲಯಗಳಲ್ಲಿ ಒಂದೂ ಕಂಪ್ಯೂಟರ್ ಇಲ್ಲದ ಹೊತ್ತಿನಲ್ಲಿ ಗ್ರಂಥಪಾಲಕರು ಈ ಕೆಲಸಕ್ಕೆ ಕೈಹಾಕಿದ್ದರು.

ಗ್ರಂಥಪಾಲಕರೇ ಮೊದಲಾದದ್ದು ಆಕಸ್ಮಿಕವಲ್ಲ. ಬಹಳಷ್ಟು ಕಾಲೇಜುಗಳಲ್ಲಿ ಗ್ರಂಥಪಾಲಕರು ಒಬ್ಬರೇ. ಆ ಕಟ್ಟಡದಲ್ಲಿ ಅವರ ವೃತ್ತಿಯ ತೊಡಕು ಅರ್ಥವಾಗುವವರು ಇನ್ನೊಬ್ಬರಿರುವುದಿಲ್ಲ. ಅವರ ಸಂಘಗಳಿಗೆ ದೀರ್ಘ ಚರಿತ್ರೆಯಿತ್ತು. ಮದರಾಸಿನಲ್ಲಿ 1928ರಲ್ಲಿ ಗ್ರಂಥಾಲಯ ಸಂಘ ಕಟ್ಟಿದ ಎಸ್.ಆರ್. ರಂಗನಾಥನ್ ಕೊನೆಗಾಲವನ್ನು ಬೆಂಗಳೂರಿನಲ್ಲೇ ಕಳೆದರು, ಇಲ್ಲೇ 1962ರಲ್ಲಿ ಡಿಆರ್‌ಟಿಸಿ ಎಂಬ ತರಬೇತಿ–ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಅಷ್ಟಿದ್ದೂ ಸಂಘದ ಸಮ್ಮೇಳನ ವರ್ಷಕ್ಕೊಂದು; ಉಳಿದ ದಿನಗಳಲ್ಲಿ ಯುನೆಸ್ಕೋ ಉಚಿತವಾಗಿ ಹಂಚುತ್ತಿದ್ದ ಸಿಡಿಎಸ್/ಐಸಿಸ್ ತಂತ್ರಾಂಶ ಕೈಕೊಟ್ಟರೆ ಕೇಳುವುದು ಯಾರನ್ನು? ಲಿಸ್-ಫೋರಂ ಬಂದ ಮೇಲೆ ಕೇಳಲು ಒಂದು ಜಾಗವಾಯಿತು. ಸಮ್ಮೇಳನದ ಕರೆ, ಕೆಲಸ ಖಾಲಿಯ ಪ್ರಕಟಣೆ, ತಂತ್ರಾಂಶದ ಸಂದೇಹ ಎಲ್ಲವೂ ಒಂದೇ ಕಡೆ. ಕೇಂದ್ರವನ್ನು ಮುನ್ನಡೆಸಿದ ಟಿ.ಬಿ. ರಾಜಶೇಖರ್ ಮತ್ತು ಬಳಗದವರು ಬಂದ ಪತ್ರಗಳನ್ನು ಓದಿ, ಸೋಸಿ ಬಿಡುವ ಕೆಲಸವನ್ನೂ ಹೊತ್ತುಕೊಂಡರು. ಇದೇ ಕೇಂದ್ರ 2002ರಲ್ಲಿ ದೇಶದ ಮೊದಲ ಸಾಂಸ್ಥಿಕ ಇ-ಪ್ರಿಂಟ್ ಭಂಡಾರವನ್ನು ತೆರೆಯಿತು. ರಾಜಶೇಖರ್ 2005ರಲ್ಲಿ ತೀರಿಕೊಂಡರು, ವೇದಿಕೆ ನಿಲ್ಲಲಿಲ್ಲ. ಒಂದು ಸಂಸ್ಥೆಯ ಆಶ್ರಯ, ಒಂದಕ್ಕಿಂತ ಹೆಚ್ಚು ಕೈಗಳು, ಹಳೆಯ ಪತ್ರಗಳನ್ನು ತೆಗೆದು ಓದುವ ಅನುಕೂಲ ಇದ್ದದ್ದರಿಂದ ಅದು ಉಳಿಯಿತು.

ಇಂಥ ಆಶ್ರಯವಿಲ್ಲದ ಕಡೆ ಆದದ್ದು ಬೇರೆ. 2001ರಲ್ಲಿ ಯಾಹೂ ಗ್ರೂಪ್ಸ್ ಉಚಿತವಾಗಿ ಸಿಗತೊಡಗಿದ ಮೇಲೆ ಸಾವಿರಾರು ಸಂಘಗಳ ಶಾಖೆಗಳು, ಹಳೆಯ ವಿದ್ಯಾರ್ಥಿ ಬಳಗಗಳು, ಕನ್ನಡ ಕೂಟಗಳು ಅಲ್ಲಿ ಸೇರಿಕೊಂಡವು. 2003ರಲ್ಲಿ ಲಿಂಕ್ಡ್‌ಇನ್, 2004ರಲ್ಲಿ ಆರ್ಕುಟ್ ಬಂದವು. ನಿಂಗ್ ಎಂಬ ಕಂಪನಿ ತಾಂತ್ರಿಕ ಜ್ಞಾನವೇ ಇಲ್ಲದವರೂ ತಮ್ಮದೇ ಪುಟ್ಟ ಸಾಮಾಜಿಕ ಜಾಲ ತೆರೆಯುವ ಸೌಲಭ್ಯ ಕೊಟ್ಟಿತು. ಶಿಕ್ಷಕರು, ಸ್ವಯಂಸೇವಾ ಸಂಘಗಳ ಮುಂದಾಳುಗಳು ಅದನ್ನು ಬಹಳ ಮೆಚ್ಚಿದರು. 2010ರಲ್ಲಿ ನಿಂಗ್ ಉಚಿತ ಸೇವೆ ನಿಲ್ಲಿಸಿತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. 2019ರಲ್ಲಿ ಯಾಹೂ ಗ್ರೂಪ್ಸ್‌ನ ಹಳೆಯ ಪತ್ರಗಳು, ಕಡತಗಳು ಅಳಿಸಿಹೋದವು, ಮುಂದಿನ ವರ್ಷ ಸೇವೆಯೇ ನಿಂತಿತು. ಯಾಹೂ ಮುನ್ಸೂಚನೆ ಕೊಟ್ಟಿತ್ತು.  ಆದರೆ ಗುಂಪು ತೆರೆದವರಲ್ಲಿ ಎಷ್ಟೋ ಮಂದಿ ಪದಾಧಿಕಾರ ಬಿಟ್ಟು ವರ್ಷಗಳಾಗಿದ್ದವು. 350 ವರ್ಷ ಹಿಂದಿನ ಓಲ್ಡನ್‌ಬರ್ಗ್ ಪತ್ರಗಳು 13 ಸಂಪುಟಗಳಲ್ಲಿ ಓದಲು ಸಿಗುತ್ತವೆ. ಹದಿನೈದು ವರ್ಷ ಹಿಂದೆ ಶಾಖೆಯೊಂದು ರಾಜ್ಯ ಸಮ್ಮೇಳನ ಹೇಗೆ ನಡೆಸಿತು ಎಂಬ ಚರ್ಚೆ ಸಿಗುವುದಿಲ್ಲ.

ದೊಡ್ಡ ಸಂಘಗಳು ಅಷ್ಟರಲ್ಲಿ ತಮ್ಮದೇ ವ್ಯವಸ್ಥೆಗೆ ಹೊರಳಿದ್ದವು. ಐಇಇಇ ಶಾಖೆಗಳು ಸಭೆ ನಡೆಸಿದ ವರದಿಯನ್ನು ‘ಎಲ್-31’ ಎಂಬ ನಮೂನೆಯಲ್ಲಿ ತುಂಬಿ ಕಳಿಸಬೇಕಿತ್ತು. ನಿಗದಿತ ಸಂಖ್ಯೆಯ ಸಭೆ ನಡೆಸಿ ವರದಿ ಸಲ್ಲಿಸಿದ ಶಾಖೆಗೆ ಕೇಂದ್ರದಿಂದ ರಿಬೇಟ್ ಹಣ ಬರುತ್ತದೆ. ಸಭೆ ಚೆನ್ನಾಗಿ ನಡೆದು, ನಮೂನೆ ಮರೆತು, ಹಣ ತಪ್ಪಿದರೆ ಬೈಗುಳ ಕಾರ್ಯದರ್ಶಿಗೆ. ಈ ಕೆಲಸವನ್ನು ಹಗುರ ಮಾಡಲು ಸ್ವಯಂಸೇವಕರೇ ಮುಂದೆ ನಿಂತು ‘ವಿಟೂಲ್ಸ್’ ಎಂಬ ಜಾಲತಾಣ ಸಲಕರಣೆಗಳನ್ನು ರೂಪಿಸಿದರು. ಸಭೆಯ ಆಹ್ವಾನ, ನೋಂದಣಿ, ಹಾಜರಿ, ವರದಿ, ಚುನಾವಣೆ, ಹೊಸ ಪದಾಧಿಕಾರಿಗಳ ಹೆಸರು ಎಲ್ಲ ಅಲ್ಲೇ. ಹಿಂದಿನವರು ನಡೆಸಿದ ಸಭೆಗಳ ಪಟ್ಟಿ ಹೊಸ ಕಾರ್ಯದರ್ಶಿಗೆ ಮೊದಲ ದಿನವೇ ಕಾಣುತ್ತದೆ. 2015ರಲ್ಲಿ ಬಂದ ‘ಕೊಲ್ಯಾಬ್ರಟೆಕ್’ ಸದಸ್ಯರೆಲ್ಲರ ಸಾಮಾಜಿಕ ಜಾಲ. ಹೊರಗಿನವರಿಗೆ ಹೆಸರು ಕೇಳಿಸುವುದು ಅದರದೇ, ಆದರೆ ಶಾಖೆ ನಡೆಸುವವರ ದಿನಚರಿಗೆ ಹೆಚ್ಚು ಒದಗಿದ್ದು ಸದ್ದಿಲ್ಲದ ವಿಟೂಲ್ಸ್ ಎಂದೇ ಹೇಳಬೇಕು. ಹರಟೆಗೆ ಜಾಗ ಎಲ್ಲೆಡೆ ಸಿಗುತ್ತದೆ. ಇನ್ನೊಬ್ಬರು ಮಾಡಿದ ಕೆಲಸದ ಜಾಡು ಸಿಗುವುದು ಅಪರೂಪ.

ಕರ್ನಾಟಕದಲ್ಲಿ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ ಎಂಜಿನಿಯರುಗಳದ್ದಲ್ಲ, ಸರ್ಕಾರಿ ಪ್ರೌಢಶಾಲೆಗಳ ಮೇಷ್ಟ್ರು–ಮೇಡಂಗಳದ್ದು. 2011ರಲ್ಲಿ ರಾಜ್ಯದ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ ಶುರುಮಾಡಿದವು. ಎಸ್‌ಟಿಎಫ್ ಎಂದೇ ಶಿಕ್ಷಕರ ಬಾಯಲ್ಲಿ ಅದು ರೂಢಿಯಾಯಿತು. ಗಣಿತ–ವಿಜ್ಞಾನಕ್ಕೊಂದು, ಸಮಾಜ ವಿಜ್ಞಾನಕ್ಕೊಂದು ಇಮೇಲ್ ಗುಂಪು. ತರಬೇತಿಯ ಭಾಗವಾಗಿಯೇ ಶಿಕ್ಷಕರು ಇಮೇಲ್ ವಿಳಾಸ ತೆರೆದು ಗುಂಪಿಗೆ ಸೇರಿದರು. ಉಬುಂಟು ಕಂಪ್ಯೂಟರಿನಲ್ಲಿ ಜಿಯೋಜಿಬ್ರಾ ಬಳಸಿ ರೇಖಾಗಣಿತ ಕಲಿಸುವುದನ್ನು ಅಭ್ಯಾಸ ಮಾಡಿದರು. ತರಬೇತಿ ಮುಗಿದರೂ ಗುಂಪು ಮುಗಿಯಲಿಲ್ಲ. ಒಂದು ತಾಲ್ಲೂಕಿನ ಶಿಕ್ಷಕರು ಮಾಡಿದ ಪ್ರಶ್ನೆಪತ್ರಿಕೆ ಇನ್ನೊಂದು ಜಿಲ್ಲೆಗೆ ಹೋಯಿತು, ಪಠ್ಯದ ಸಂದೇಹಕ್ಕೆ ರಾತ್ರಿಯೊಳಗೆ ಉತ್ತರ ಬಂತು.

ಅಲ್ಲಿನ ತೊಡಕುಗಳೂ ಈ ಮಣ್ಣಿನವೇ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಕನ್ನಡ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಯುನಿಕೋಡ್‌ನಲ್ಲಿ ಬರೆಯಬೇಕು ಎಂಬುದು ಎಷ್ಟೋ ಶಿಕ್ಷಕರಿಗೆ ಸುತ್ತೋಲೆಯಿಂದಲ್ಲ, ತಾವು ಕಳಿಸಿದ ಕಡತ ಇನ್ನೊಬ್ಬರಿಗೆ ಓದಲು ಬಾರದಾಗ ಗೊತ್ತಾಯಿತು. ಗುಂಪಿನಲ್ಲಿ ಹರಿದಾಡಿದ ಪಾಠ ಸಾಮಗ್ರಿ ಇಮೇಲಿನಲ್ಲೇ ಹೂತುಹೋಗದಂತೆ 2013ರಲ್ಲಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ತಾಣ ಶುರುವಾಯಿತು. ವಿಕಿಪೀಡಿಯ ಬಳಸುವ ತಂತ್ರಾಂಶವೇ ಅದಕ್ಕೂ ಅಡಿಪಾಯ; ಶಿಕ್ಷಕರೇ ಪುಟ ಬರೆಯುತ್ತಾರೆ, ತಿದ್ದುತ್ತಾರೆ, ಯಾರು ಯಾವಾಗ ತಿದ್ದಿದರು ಎಂಬುದು ಪ್ರತಿ ಪುಟದ ಇತಿಹಾಸದಲ್ಲಿ ಇರುತ್ತದೆ. ಮಾತಿಗೆ ಒಂದು ಜಾಗ, ಮಾತಿನಿಂದ ಹುಟ್ಟಿದ್ದನ್ನು ಕೂಡಿಡಲು ಇನ್ನೊಂದು ಜಾಗ ಎಂಬ ಈ ವಿಂಗಡಣೆ ಎಷ್ಟೋ ಹೆಸರಾಂತ ಸಂಘಗಳಿಗೂ ಹೊಳೆದಿರಲಿಲ್ಲ.

ಈಗ ಎಲ್ಲರೂ ವಾಟ್ಸ್ಆ್ಯಪ್‌ನಲ್ಲಿದ್ದಾರೆ. 2016ರಲ್ಲಿ ಒಂದು ಗುಂಪಿಗೆ 256 ಮಂದಿಯ ಮಿತಿಯಿತ್ತು, 2022ರ ಕೊನೆಗೆ ಅದು 1024ಕ್ಕೆ ಏರಿತು. ಜಿಲ್ಲಾ ಶಾಖೆಯ ಸದಸ್ಯರೆಲ್ಲ ಒಂದೇ ಗುಂಪಿನಲ್ಲಿ ಹಿಡಿಸುತ್ತಾರೆ. ಸಭೆಯ ನೋಟಿಸು ಎರಡು ನಿಮಿಷದಲ್ಲಿ ಎಲ್ಲರ ಕೈಯಲ್ಲಿರುತ್ತದೆ. ಅಂಚೆಯ ಖರ್ಚು ಉಳಿಯಿತು, ಕೋರಂನ ಚಿಂತೆ ಕಡಿಮೆಯಾಯಿತು. ಕೊರೋನಾ ಕಾಲದಲ್ಲಿ ಎಷ್ಟೋ ಸಂಘಗಳು ಜೀವ ಹಿಡಿದುಕೊಂಡದ್ದು ಇದರಿಂದಲೇ. ಇದರ ಉಪಕಾರವನ್ನು ಕಡೆಗಣಿಸುವಂತಿಲ್ಲ. ಆದರೆ ಶುಭೋದಯದ ಚಿತ್ರಗಳ ನಡುವೆ ಕಳೆದ ವರ್ಷದ ತೀರ್ಮಾನ ಹುಡುಕುವುದು ಕಷ್ಟ. ಹೊಸದಾಗಿ ಸೇರಿದವರಿಗೆ ತಾವು ಸೇರುವ ಮೊದಲಿನ ಚರ್ಚೆ ಪೂರ್ತಿ ಸಿಗುವುದೂ ಇಲ್ಲ. ಕಾರ್ಯಕಾರಿ ಸಮಿತಿಯ ಗುಂಪಿಗೆ ಬಹಳ ಕಡೆ ವರ್ಷದ ಹೆಸರಿಡುತ್ತಾರೆ. ವರ್ಷ ಮುಗಿದರೆ ಹೊಸ ಗುಂಪು, ಹಳೆಯದು ಹಳೆಯವರ ಫೋನಿನಲ್ಲೇ ಉಳಿಯುತ್ತದೆ. ಸದಸ್ಯರ ದೂರವಾಣಿ ಸಂಖ್ಯೆಗಳೂ ಅಲ್ಲೇ ಉಳಿಯುತ್ತವೆ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ ಕಾಯ್ದೆ ಬಂದ ದೇಶದಲ್ಲಿ ಇದನ್ನು ಸಣ್ಣ ಸಂಗತಿ ಎನ್ನಲಾಗದು.

ಪದಾಧಿಕಾರಿಗಳು ಬದಲಾದಾಗ ತಪ್ಪದೆ ಆಗುವ ಕೆಲಸ ಒಂದಿದೆ, ಬ್ಯಾಂಕಿನ ಸಹಿ ಬದಲಾವಣೆ. ಸಭೆಯ ನಿರ್ಣಯದ ಪ್ರತಿ ಕೊಡದೆ ಬ್ಯಾಂಕು ಹೊಸ ಸಹಿ ಒಪ್ಪುವುದಿಲ್ಲ, ಹಾಗಾಗಿ ಖಜಾಂಚಿ ಮೊದಲ ವಾರವೇ ಓಡುತ್ತಾರೆ. ಅದೇ ನಿರ್ಣಯದಲ್ಲಿ ಇನ್ನು ಮೂರು ಸಾಲು ಸೇರಿಸಲು ಯಾವ ಬೈಲಾ ತಿದ್ದುಪಡಿಯೂ ಬೇಕಿಲ್ಲ: ಸಂಘದ ಇಮೇಲ್ ವ್ಯಕ್ತಿಯ ಹೆಸರಿನಲ್ಲಿರದೆ ಹುದ್ದೆಯ ಹೆಸರಿನಲ್ಲಿರಬೇಕು, ಅದರ ಪಾಸ್‌ವರ್ಡ್ ಮತ್ತು ಗುಂಪುಗಳ ಅಡ್ಮಿನ್ ಹಕ್ಕು ಇಂಥ ದಿನದೊಳಗೆ ಹೊಸ ಕಾರ್ಯದರ್ಶಿಗೆ ಸೇರಬೇಕು, ಹಿಂದಿನ ಕಾರ್ಯದರ್ಶಿ ಮೂರು ತಿಂಗಳು ಗುಂಪಿನಲ್ಲಿದ್ದು ಕೇಳಿದ್ದಕ್ಕೆ ಉತ್ತರ ಕೊಡಬೇಕು.